ಕೊನೆಯ ಹಾಡಿಗೆ ಮುಂಚಿನ ಕೂಗು

ರಾಜ್ಯಗಳು ಉರುಳುವಾಗ, ನದಿಗಳು ಪಾತ್ರ ಬದಲಿಸುವಾಗ ಮನುಷ್ಯರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರ ಬಗ್ಗೆ ನಮ್ಮ ವಾಚನಾಲಯದಲ್ಲಿ ಒಂದು ಕಪಾಟಿನ ತುಂಬ ಪುಸ್ತಕಗಳಿವೆ. ನಮ್ಮೂರಿಗೆ ಹೋದ ವರ್ಷ ಎದುರಾದ ಪ್ರಶ್ನೆಯ ಗಾಂಭೀರ್ಯವನ್ನು ಅವುಗಳಲ್ಲಿ ಯಾವುದೂ ಮುಟ್ಟುವುದಿಲ್ಲ. ಪ್ರಶ್ನೆ ಇದು: ಒಂದು ಹಳೆಯ ಕ್ಯಾಸೆಟ್ಟಿನ ಹಿನ್ನೆಲೆಯಲ್ಲಿ ಬರುವ ಸುಂಯ್ ಸದ್ದನ್ನು ತೆಗೆಸಬೇಕೆ, ಬೇಡವೆ? ಈ ವಿಷಯಕ್ಕೆ ಮೂರು ಸಭೆಗಳಾದವು. ಎರಡನೆಯ ಸಭೆಯಲ್ಲಿ ಒಬ್ಬರು ಚಪ್ಪಲಿ ಕೈಗೆ ತೆಗೆದುಕೊಂಡರು. ಮೂರನೆಯದಕ್ಕೆ ಎಲ್ಲರೂ ಬರಿಗಾಲಲ್ಲಿ ಬರಬೇಕೆಂದು ತೀರ್ಮಾನವಾಯಿತು.

ಕ್ಯಾಸೆಟ್ಟಿನಲ್ಲಿರುವುದು 'ಕಬ್ಬಿಣದ ಕಡಲೆ' ಎಂಬ ತಂಡದ ಕಚೇರಿ. ಹೆಂಚಿನ ಕಾರ್ಖಾನೆಯ ಗೂಡು ಉರಿಸುತ್ತಿದ್ದ ಹುಡುಗರು ಸೇರಿ ಕಟ್ಟಿದ ಹೆವಿ ಮೆಟಲ್ ತಂಡ ಅದು. ಗೂಡಿನ ಮುಂದೆ ದಿನವಿಡೀ ನಿಂತವರಿಗೆ ಅದಕ್ಕಿಂತ ಮೆತ್ತಗಿನ ಸಂಗೀತ ಕಿವಿಗೆ ಹತ್ತುತ್ತಿರಲಿಲ್ಲವಂತೆ. ಕಾರ್ಖಾನೆಗೆ ಬೀಗ ಬೀಳುವ ಹಿಂದಿನ ಸಂಜೆ ಅವರು ಅಂಗಳದಲ್ಲಿ ನುಡಿಸಿದರು; ಇಡೀ ಊರು ನೆರೆದು ಗಂಟಲು ಹರಿಯುವಂತೆ ಕೂಗಿತು. ಷಡಕ್ಷರಪ್ಪ ಎಂಬ ಅಂಚೆ ಗುಮಾಸ್ತರು ಶಾಲಿನೊಳಗೆ ಟೇಪ್ ರೆಕಾರ್ಡರ್ ಇಟ್ಟುಕೊಂಡು ಜನರ ನಡುವೆ ನಿಂತು ಅದನ್ನು ಹಿಡಿದರು. ಮರುದಿನದಿಂದ ಗಂಡಸರು ಕೆಲಸ ಹುಡುಕಿಕೊಂಡು ಒಬ್ಬೊಬ್ಬರಾಗಿ ಊರು ಬಿಟ್ಟರು. ಕೆಲವರು ಮೊದಮೊದಲು ಕಾಗದ ಬರೆದರು. ಆಮೇಲೆ ಬರೆಯಲಿಲ್ಲ.

ನಮ್ಮೂರಲ್ಲಿ ಯಂತ್ರಕ್ಕೆ ಸಿಕ್ಕ ದನಿ, ಆ ದನಿಯ ಮನುಷ್ಯ ಇರುವವರೆಗೆ ಮಾತ್ರ ಇರುತ್ತದೆ. ಅವನು ಎಲ್ಲೇ ಸಾಯಲಿ, ಆ ಗಳಿಗೆಗೆ ಅವನ ಮಾತು, ಕೆಮ್ಮು, ಸಿಳ್ಳೆ ಎಲ್ಲವೂ ಟೇಪಿನಿಂದ ಎದ್ದು ಹೋಗುತ್ತವೆ. ವಾದ್ಯಗಳು ಉಳಿಯುತ್ತವೆ. ಹಳೆಯ ಮದುವೆಗಳ ಕ್ಯಾಸೆಟ್ಟು ಹಾಕಿದರೆ ವಾಲಗ ಕೇಳುತ್ತದೆ, ಮಂತ್ರ ಕೇಳುವುದಿಲ್ಲ. ಇದರಲ್ಲಿ ನಮಗೆ ಅಚ್ಚರಿಯೇನೂ ಇಲ್ಲ. ಬೇರೆ ಊರುಗಳಲ್ಲಿ ಸತ್ತವರು ರೇಡಿಯೊದಲ್ಲಿ ಹಾಡುತ್ತಾರೆ ಎಂದು ಮೊದಲ ಸಲ ಕೇಳಿದಾಗ ನಮ್ಮಜ್ಜಿ, "ಎಂಥಾ ನಾಚಿಕೆಗೆಟ್ಟ ಜನ" ಎಂದಿದ್ದಳು.

ಹೀಗಾಗಿ ಆ ಕ್ಯಾಸೆಟ್ಟು ಊರು ಬಿಟ್ಟವರ ಕ್ಷೇಮಸಮಾಚಾರವಾಯಿತು. ಪ್ರತಿ ವರ್ಷ ಕಾರ್ಖಾನೆ ಮುಚ್ಚಿದ ದಿನ ಬೆಳಿಗ್ಗೆ ವಾಚನಾಲಯದ ಹಜಾರದಲ್ಲಿ ಅದನ್ನು ಹಾಕುತ್ತೇವೆ. ಇದಕ್ಕೆ ಹಾಜರಿ ಎಂದು ಹೆಸರು. ಟೇಪು ಹಾಕುವವನು, ನಿಲ್ಲಿಸುವವನು, ಕೇಳಿದವರಿಗೆ ಹಿಂದಕ್ಕೆ ತಿರುಗಿಸಿಕೊಡುವವನು ನಾನು. ವಾಚನಾಲಯದ ಬೀಗದ ಕೈ ನನ್ನ ಬಳಿ ಇದೆ, ಕನ್ನಡಕವೂ ಇದೆ. ಈ ಎರಡು ಅರ್ಹತೆಗಳ ಮೇಲೆ ಊರು ನನ್ನನ್ನು ಮೇಷ್ಟ್ರೆ ಎನ್ನುತ್ತದೆ. ಜನ ಮಂಡಕ್ಕಿ ಪೊಟ್ಟಣ ಹಿಡಿದು ಬಂದು ಕೂರುತ್ತಾರೆ. ಎರಡನೆಯ ಹಾಡಿನ ಮಧ್ಯೆ ಸಿಳ್ಳೆ ಕೇಳಿದರೆ ಒಬ್ಬಳು ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ಮನೆಗೆ ಹೋಗುತ್ತಾಳೆ. ಮುದುಕಿಯರು ಗಿಟಾರಿನ ಕಿರುಚಾಟವನ್ನು ಹೂ ಕಟ್ಟುತ್ತ ಗುನುಗುತ್ತಾರೆ. ಆ ಸಂಗೀತ ನಿಮಗೆ ಇಷ್ಟವೇ ಎಂದು ಅವರನ್ನು ಕೇಳುವುದರಲ್ಲಿ ಅರ್ಥವಿಲ್ಲ; ಸ್ಟೇಷನ್ನಿನಲ್ಲಿ ಮಗನಿಗೆ ಕಾದು ನಿಂತವಳನ್ನು ರೈಲಿನ ಸದ್ದು ಇಷ್ಟವೇ ಎಂದು ಕೇಳಿದ ಹಾಗೆ.

ತಂಡದ ಹಾಡುಗಾರ ಪರಮೇಶಿ ತೀರಿಕೊಂಡು ಬಹಳ ಕಾಲವಾಯಿತು. ಟೇಪಿನಲ್ಲಿ ಈಗ ಅವನ ಜಾಗ ಖಾಲಿ. ಡ್ರಮ್ಮಿನ ನಡುವೆ ಆ ಖಾಲಿ ಜಾಗ ಏನನ್ನೋ ಕೇಳುತ್ತದೆ, ನೂರಾರು ಜನ "ಹೌದು!" ಎಂದು ಒದರುತ್ತಾರೆ. ಅವನು ಕೇಳಿದ್ದೇನೆಂದು ಯಾರಿಗೂ ನೆನಪಿಲ್ಲ. ಹೌದು ಎಂದವರು ಇದ್ದಾರಲ್ಲ, ಅಷ್ಟು ಸಾಕು. ಷಡಕ್ಷರಪ್ಪನವರ ಕೆಮ್ಮು ಟೇಪಿನ ಉದ್ದಕ್ಕೂ, ಎಲ್ಲರಿಗಿಂತ ಹತ್ತಿರದಲ್ಲಿ, ಎಲ್ಲರಿಗಿಂತ ಜೋರಾಗಿ ಇದೆ. ಇಷ್ಟು ಗಟ್ಟಿಯಾಗಿ ಬದುಕಿರುವ ಇನ್ನೊಬ್ಬರು ಊರಲ್ಲಿ ಇಲ್ಲದ್ದರಿಂದ ಅವರನ್ನೇ ಹಾಜರಿ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿದ್ದೇವೆ.

ಖಾನಾವಳಿ ನಡೆಸುವ ಹಾಲಮ್ಮನ ಸಂಗತಿ ಟೇಪಿನ ಕೊನೆಯಲ್ಲಿ ಬರುತ್ತದೆ. ಅಲ್ಲಿ ಗಿಟಾರಿನ ತಂತಿಯೊಂದು ಕಿತ್ತುಹೋಗಿ, ಅದನ್ನು ಬದಲಿಸುವವರೆಗೆ ಜನ ತಣ್ಣಗಾಗಿದ್ದಾರೆ. ಆ ನಿಶ್ಶಬ್ದದಲ್ಲಿ ಒಬ್ಬ ಕೀರಲು ದನಿಯಲ್ಲಿ, "ಬಿಡಬ್ಯಾಡ್ರೋ, ಬರ್ಲಿ ಇನ್ನೊಂದು!" ಎಂದು ಕೂಗುತ್ತಾನೆ. ಆಮೇಲೆ ಕೊನೆಯ ಹಾಡು. ಆ ಕೂಗು ಹಾಲಮ್ಮನ ಗಂಡ ತಿಪ್ಪೇಶನದು. ಮದುವೆಯಾದ ವರ್ಷವೇ ಅವನು ಊರು ಬಿಟ್ಟವನು. ಕಾಗದ ಬರೆಯದವರ ಪೈಕಿ. ಹಾಜರಿಯಲ್ಲಿರುವವನ ಹೆಂಡತಿ ಹೆಂಡತಿಯೇ ಎಂಬುದು ನಮ್ಮೂರ ಕಟ್ಟಳೆ.

ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಅಂಜಿನಪ್ಪ ಹಾಲಮ್ಮನ ಖಾನಾವಳಿಯಲ್ಲಿ ಎರಡು ಹೊತ್ತು ಊಟ ಮಾಡುತ್ತಾನೆ. ಬಾವಿಯೊಳಗಿಂದ ಬಂದ ಹಾಗಿರುವ ದಪ್ಪ ದನಿ. ಮದುವೆಯಾಗದ ಮನುಷ್ಯ. ತಾನೂ ಅವಳೂ ಮದುವೆಯಾಗೋಣವೆಂದು ಅವನು ಎಷ್ಟೋ ವರ್ಷಗಳ ಹಿಂದೆ ಕೇಳಿದ್ದ. ಅವಳು ಒಪ್ಪಿದ್ದಳು. ಊರೂ ಒಪ್ಪಿತ್ತು. ಟೇಪು ಒಪ್ಪಿರಲಿಲ್ಲ. ಪ್ರತಿ ಹಾಜರಿಗೂ ಇಬ್ಬರೂ ಬಂದು ದೂರದೂರ ಕೂರುತ್ತಿದ್ದರು. ತಂತಿ ಕಿತ್ತುಹೋಗುತ್ತಿತ್ತು. ಹಜಾರವೆಲ್ಲ ಅವರನ್ನು ನೋಡದ ಹಾಗೆ ನೋಡುತ್ತಿತ್ತು. "ಬಿಡಬ್ಯಾಡ್ರೋ, ಬರ್ಲಿ ಇನ್ನೊಂದು!" ಬರುತ್ತಿತ್ತು. ಅಂಜಿನಪ್ಪ ಎದ್ದು ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ನಿಲ್ದಾಣಕ್ಕೆ ಹೋಗುತ್ತಿದ್ದ. ಆ ದಿನ ಮಧ್ಯಾಹ್ನ ಅವನ ತಟ್ಟೆಗೆ ಒಂದು ರೊಟ್ಟಿ ಹೆಚ್ಚು ಬೀಳುತ್ತಿತ್ತು ಎಂದು ಅಲ್ಲಿ ಉಣ್ಣುವವರು ಹೇಳುತ್ತಾರೆ. ಇನ್ನೊಬ್ಬರ ಸಾವಿಗೆ ಇಷ್ಟು ಮರ್ಯಾದೆಯಿಂದ ಕಾದವರನ್ನು ನಾನು ಕಂಡಿಲ್ಲ.

ಇತ್ತ ಟೇಪು ಸವೆಯುತ್ತಿತ್ತು. ಸುಂಯ್ ಸದ್ದು ವರ್ಷದಿಂದ ವರ್ಷಕ್ಕೆ ಏರಿ, ಕೇಳಿದ್ದು ಮಗನ ಕೆಮ್ಮೋ ಟೇಪಿನ ಕೆಮ್ಮೋ ತಿಳಿಯದ ಸ್ಥಿತಿ ಬಂತು. ಪಟ್ಟಣದಿಂದ ಯಾರನ್ನಾದರೂ ಕರೆಸಿ ಶುದ್ಧ ಮಾಡಿಸೋಣವೆಂದು ಹೇಳಿದವನು ತಂಡದ ಡ್ರಮ್ಮರ್ ಬಕ್ಕೇಶ, ಈಗ ಹಿಟ್ಟಿನ ಗಿರಣಿಯ ಮಾಲೀಕ. ಇಡೀ ಟೇಪಿನಲ್ಲಿ ಸಂಗೀತ ಕೇಳುವವನು ಅವನೊಬ್ಬನೇ. ಕೊನೆಯ ಹಾಡಿನಲ್ಲಿ ಅವನು ಬಾರಿಸಿದ ವೇಗ ನಮ್ಮ ಸೀಮೆಯಲ್ಲೇ ಇಲ್ಲವೆಂದು ಪ್ರಸಿದ್ಧಿ. ಗಿರಣಿಗೆ ರಾಗಿ ತಂದವರಿಗೂ ಅವನು ಅದನ್ನು ನೆನಪಿಸುತ್ತಿದ್ದ. ಶುದ್ಧ ಮಾಡುವ ಭರದಲ್ಲಿ ನಮ್ಮ ಮಕ್ಕಳನ್ನೂ ಒರೆಸಿಹಾಕಿದರೆ ಗತಿಯೇನು ಎಂದು ತಾಯಂದಿರು ಹೆದರಿದರು. ಚಪ್ಪಲಿಯ ಪ್ರಸಂಗ ಆದದ್ದು ಇಲ್ಲೇ. ಕೊನೆಗೆ, ಶುದ್ಧ ಮಾಡಬಹುದು, ಮನುಷ್ಯರನ್ನು ಮುಟ್ಟಕೂಡದು ಎಂದು ಒಪ್ಪಂದವಾಯಿತು.

ಬಂದವಳು ನಸ್ರೀನ್ ಎಂಬ ಹುಡುಗಿ. ಎರಡು ಪೆಟ್ಟಿಗೆ, ಒಂದು ಕಂಪ್ಯೂಟರು, ಕುತ್ತಿಗೆಗೆ ಹೆಡ್‌ಫೋನು. ಷಡಕ್ಷರಪ್ಪನವರು ಕರಾರನ್ನು ಎರಡು ಸಲ ಓದಿ ಹೇಳಿದರು. ಅವಳು ನಕ್ಕಳು. "ಎಲ್ಲರೂ ನನ್ನ ಹತ್ರ ಜನರನ್ನ ತೆಗೆದು ಹಾಡು ಉಳಿಸಿಕೊಡಿ ಅಂತ ಬರ್ತಾರೆ ಸರ್. ನೀವು ಹಾಡು ಹೋದ್ರೂ ಪರವಾಗಿಲ್ಲ ಜನ ಇರಲಿ ಅಂತೀರ."

"ಹಾಡಿನ ಬಗ್ಗೆ ನಮಗೆ ದ್ವೇಷ ಏನಿಲ್ಲಮ್ಮ," ಎಂದರು ಷಡಕ್ಷರಪ್ಪ. "ಇದ್ದರೆ ಇರಲಿ."

ಸತ್ತವರ ದನಿಯ ಸಂಗತಿಯನ್ನು ನಾನು ಅವಳಿಗೆ ಹೇಳಿದೆ. ಅವಳು, "ಹಾಗಾದ್ರೆ ನನ್ನ ಅರ್ಧ ಕೆಲಸ ಇಲ್ಲಿ ಯಮನೇ ಮಾಡಿದಾನೆ," ಎಂದು ಹೇಳಿ ವೈರು ಬಿಚ್ಚತೊಡಗಿದಳು. ಅವಳಿಗೆ ವಾಚನಾಲಯದ ಹಿಂದಿನ ಕೋಣೆ ಕೊಟ್ಟೆವು. ಊಟ ಹಾಲಮ್ಮನಲ್ಲಿಂದ ಬರುತ್ತಿತ್ತು. ಮೊದಲ ದಿನ ಕೆಲಸದವರು ತಂದರು. ಎರಡನೆಯ ದಿನ ಹಾಲಮ್ಮನೇ ಬುತ್ತಿ ಹಿಡಿದು ಬಂದು, ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡಿದಳು. ನಾನು ಪೇಪರನ್ನು ಮುಖಕ್ಕೆ ಹತ್ತಿರ ಹಿಡಿದೆ. ನಮ್ಮೂರಲ್ಲಿ ಅದನ್ನು ಎದ್ದು ಹೋಗುವುದಕ್ಕೆ ಸಮ ಎಂದು ಪರಿಗಣಿಸುತ್ತಾರೆ.

"ಒಂದು ಮಾತು ಕೇಳ್ಲಾ ನನ್ನವ್ವ? ಕಡೀ ಹಾಡಿಗೆ ಮುಂಚೆ ಒಬ್ಬ ಕೂಗ್ತಾನಲ್ಲ."

"ಹೂಂ, ಬರ್ಲಿ ಇನ್ನೊಂದು ಅನ್ನೋದು."

"ಅದನ್ನ ತೆಗೆದುಬಿಡು. ಇಷ್ಟು ಜನದಾಗೆ ಒಂದು ಬಾಯಿ ಕಮ್ಮಿ ಆದ್ರೆ ಯಾರಿಗೆ ಗೊತ್ತಾಗ್ತೈತೆ?"

"ಅದು ಯಾರು ಅಕ್ಕ?"

"ನಮ್ಮನೆಯವ್ರು."

ನಸ್ರೀನ್ ಹೆಡ್‌ಫೋನು ಕೆಳಗಿಟ್ಟ ಸದ್ದು ಕೇಳಿಸಿತು. "ನಿಮ್ಮ ಗಂಡನ್ನ ಸಾಯಿಸು ಅಂತೀರಾ?"

"ಥೂ, ಬಿಡ್ತು ಅನ್ನು. ಸಾಯ್ಸಬ್ಯಾಡ. ಸುಮ್ನಿರ್ಸು," ಎಂದಳು ಹಾಲಮ್ಮ. "ಮನೇಲಿ ಅವ್ರು ಮಾತೇ ಆಡ್ತಿರಲಿಲ್ಲ. ಸುಮ್ನಿರೋದು ಅವ್ರಿಗೆ ಕಷ್ಟ ಆಗಾಕಿಲ್ಲ."

ಆಮೇಲೆ ಅವಳು ಅಂಜಿನಪ್ಪನ ವಿಷಯ ಹೇಳಿದಳು. ದನಿ ತಗ್ಗಿಸಿದ್ದರಿಂದ ಪೂರ್ತಿ ಕೇಳಿಸಲಿಲ್ಲ, ಕೇಳಿಸಿದ್ದು ಇಷ್ಟು: "ನನಗೂ ಮಂಡಿ ನೋವು ಶುರುವಾಗೈತೆ. ಇನ್ನೂ ಕಾದ್ರೆ ಮದುವೇಲಿ ಸಪ್ತಪದಿಗೆ ಎತ್ಕಂಡು ಹೋಗಬೇಕಾಗ್ತೈತೆ." ನಸ್ರೀನ್ ನಗಲಿಲ್ಲ. ನೋಡ್ತೀನಿ ಅಕ್ಕ ಎಂದಳು. ಮಾಡ್ತೀನಿ ಎನ್ನಲಿಲ್ಲ, ಆಗಲ್ಲ ಎಂದೂ ಅನ್ನಲಿಲ್ಲ. ಹಾಲಮ್ಮ ಹೋಗುವಾಗ ನನ್ನ ಮೇಜಿನ ಮೇಲೆ ಎರಡು ಶೇಂಗಾ ಹೋಳಿಗೆ ಇಟ್ಟಳು. ಅವನ್ನು ತಿಂದರೆ ನಾನು ಏನನ್ನೋ ಕೇಳಿಸಿಕೊಂಡಿದ್ದೇನೆ ಎಂದು ಒಪ್ಪಿದಂತಾಗುತ್ತಿತ್ತು. ತಿಂದೆ.

ಎರಡು ದಿನ ಬಿಟ್ಟು ನಸ್ರೀನ್ ಬಕ್ಕೇಶನನ್ನು ಕರೆಸಿದಳು. ಅವನು ಗಿರಣಿಯಿಂದ ಹಾಗೇ ಬಂದ, ಹುಬ್ಬಿನ ಮೇಲೆ ಹಿಟ್ಟು.

"ಸರ್, ಕೊನೆ ಹಾಡು ನೀವು ನಿಜವಾಗ್ಲೂ ಇಷ್ಟು ಸ್ಪೀಡಾಗಿ ಬಾರಿಸಿದ್ರಾ?"

"ಮತ್ತಿನ್ನೇನು! ಆವತ್ತು ನನ್ನ ಕೈ ಕಾಣ್ತಾ ಇರಲಿಲ್ಲ ಅಂತಾರೆ ಜನ. ಕೇಳಿ ಬೇಕಾದ್ರೆ."

"ಮನುಷ್ಯರ ಕೈಲಿ ಆಗಲ್ಲ ಸರ್ ಇದು. ಸ್ಟೇಜಿನ ಕರೆಂಟು ಗುಂಯ್ ಅಂತ ಒಂದು ಸದ್ದು ಮಾಡುತ್ತಲ್ಲ, ಅದು ಯಾವಾಗಲೂ ಒಂದೇ ಶ್ರುತೀಲಿ ಇರುತ್ತೆ. ಈ ಟೇಪಲ್ಲಿ ಅರ್ಧ ಆದ ಮೇಲೆ ಏರ್ತಾ ಏರ್ತಾ ಹೋಗುತ್ತೆ."

"ನಮ್ಮೂರ ಕರೆಂಟು ಹಂಗೇ ಕಣಮ್ಮ. ಒಂದೇ ಥರ ಇದ್ದಿದ್ದು ಯಾವತ್ತು?"

"ಕರೆಂಟಲ್ಲ ಸರ್. ರೆಕಾರ್ಡರಿನ ಸೆಲ್ಲು ಮುಗೀತಾ ಬಂದಿದೆ. ಮೋಟರು ನಿಧಾನವಾಗಿ ಓಡಿದೆ. ನಿಧಾನವಾಗಿ ಹಿಡಿದಿದ್ದನ್ನ ಸರಿಯಾದ ವೇಗದಲ್ಲಿ ಹಾಕಿದ್ರೆ ಎಲ್ಲಾ ಬೇಗ ಬೇಗ, ಕೀಚು ಕೀಚು ಕೇಳುತ್ತೆ. ಅದನ್ನ ಸರಿ ಮಾಡ್ತಿದೀನಿ."

ಬಕ್ಕೇಶ ಹುಬ್ಬಿನ ಹಿಟ್ಟು ಒರೆಸಿಕೊಂಡ. ಮೊದಲು ಷಡಕ್ಷರಪ್ಪನವರನ್ನು ಬೈದ: ಜುಗ್ಗ, ಎರಡು ಹೊಸ ಸೆಲ್ಲು ಹಾಕೋಕೆ ಏನಾಗಿತ್ತು ರೋಗ. ಆಮೇಲೆ ಅವಳ ಮುಂದೆ ಕುರ್ಚಿ ಎಳೆದುಕೊಂಡು ಕೂತು, "ಪೂರ್ತಿ ಸರಿ ಮಾಡಬ್ಯಾಡ ತಂಗಿ," ಎಂದ. "ಒಂಚೂರು ಬಿಡು." ಊರಿನ ಒಬ್ಬೊಬ್ಬರೂ ಒಂದೊಂದು ಸಣ್ಣ ವಿನಾಯಿತಿ ಕೇಳುತ್ತಿದ್ದರು. ಹಾಲಮ್ಮನದು ಒಂದು ಕೂಗು, ಬಕ್ಕೇಶನದು ಒಂಚೂರು ವೇಗ.

ಹಾಜರಿಯ ದಿನ ಹಜಾರ ತುಂಬಿ ವರಾಂಡದಲ್ಲೂ ಜನ ನಿಂತಿದ್ದರು. ಕ್ಯಾಸೆಟ್ಟಿನ ಬದಲು ನಸ್ರೀನಳ ಕಂಪ್ಯೂಟರು. ನನ್ನ ಕೆಲಸ ಒಂದು ಗುಂಡಿ ಒತ್ತುವುದಕ್ಕೆ ಇಳಿದಿತ್ತು. ಒತ್ತಿದೆ. ಸುಂಯ್ ಸದ್ದು ಇರಲಿಲ್ಲ. ಅಂಗಳದ ಗಾಳಿ ಕೇಳಿಸಿತು, ಯಾರೋ ಕಡಲೆಕಾಯಿ ಒಡೆದದ್ದು ಕೇಳಿಸಿತು. ಷಡಕ್ಷರಪ್ಪನವರ ಕೆಮ್ಮು ಪಕ್ಕದಲ್ಲೇ ಕೂತು ಕೆಮ್ಮಿದಂತೆ ಬಂದಾಗ, ಅವರು ಪಕ್ಕದಲ್ಲೇ ಕೂತು ಅದಕ್ಕೆ ಉತ್ತರವಾಗಿ ಕೆಮ್ಮಿದರು. ಸಿಳ್ಳೆಗಳು ಒಂದೊಂದಾಗಿ ಬಂದವು, ತಾಯಂದಿರು ಮುಖ ಒರೆಸಿಕೊಂಡರು. ಆದರೆ ಈ ಸಲ ಯಾರೂ ಮನೆಗೆ ಹೋಗಲಿಲ್ಲ. ಹಾಲಮ್ಮ ನಸ್ರೀನಳಲ್ಲಿಗೆ ಹೋದದ್ದು ಊರಿಗೆಲ್ಲ ಗೊತ್ತಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಹೋಳಿಗೆ ಎಲ್ಲಿಂದ ಬಂತು ಎಂದು ಕೇಳಿದವರಿಗೆ ಮಾತ್ರ ಹೇಳಿದ್ದೆ.

ತಂತಿ ಕಿತ್ತುಹೋಯಿತು. ಜನ ತಣ್ಣಗಾದರು, ಟೇಪಿನಲ್ಲೂ ಹಜಾರದಲ್ಲೂ. ಹಾಲಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದ್ದಳು. ಅಂಜಿನಪ್ಪ ಕಿಟಕಿಯ ಬಳಿ, ವಲ್ಲಿಯನ್ನು ಹಿಂಡುತ್ತಿದ್ದ.

"ಬಿಡಬ್ಯಾಡ್ರೋ, ಬರ್ಲಿ ಇನ್ನೊಂದು!"

ಮುಂದಿನ ಸಾಲಿನಲ್ಲಿದ್ದ ಕೊಟ್ರಜ್ಜಿ ತಟ್ಟನೆ ಎದ್ದು ತನ್ನ ಚೀಲ ಕಂಕುಳಿಗೆ ಸಿಕ್ಕಿಸಿಕೊಂಡಳು. ಅವಳ ಜೊತೆ ಇನ್ನೂ ನಾಲ್ಕೈದು ಜನ ಎದ್ದರು. ಒಬ್ಬ ಆಗಲೇ ಬಾಗಿಲ ತನಕ ಹೋಗಿದ್ದ. ಬಸ್ಸು ಬಂದಾಗ ಏಳುವ ಹಾಗೆ, ಯೋಚನೆ ಇಲ್ಲದೆ, ಮೈಯಷ್ಟೇ ಎದ್ದಿತ್ತು. ಎದ್ದ ಮೇಲೆ ತಾವು ಎಲ್ಲಿದ್ದೇವೆಂದು ನೋಡಿಕೊಂಡರು. ಆಮೇಲೆ ಎಲ್ಲರೂ ಕಿಟಕಿಯ ಕಡೆ ತಿರುಗಿದರು.

"ಯಾಕ್ರಿ?" ಎಂದ ಅಂಜಿನಪ್ಪ. "ಕೂಗಿದ್ನಲ್ಲ ತಿಪ್ಪೇಶಣ್ಣ. ಇದಾನೆ. ನಡೀರಿ ಮನೆಗೆ."

"ಮೇಷ್ಟ್ರೆ, ಇನ್ನೊಂದ್ಸಲ ಹಾಕಿ," ಎಂದರು ಷಡಕ್ಷರಪ್ಪ.

ಹಾಕಿದೆ. ಬಾವಿಯೊಳಗಿಂದ ಬಂದ ದನಿ. ಕೊಟ್ರಜ್ಜಿ ಮತ್ತೆ ಏಳಹೋಗಿ ಮೊಮ್ಮಗಳ ಕೈ ಹಿಡಿದು ಕೂತಳು.

"ನಿಂದೇ ಕಣೋ ಅದು," ಎಂದ ಬಕ್ಕೇಶ.

"ನನ್ನ ದನಿ ಹಂಗೈತಾ? ಕತ್ತೆ ಒದರಿದಂಗೈತೆ ಅದು. ನಾನು ಅವತ್ತು ಬಾಯೇ ಬಿಟ್ಟಿಲ್ಲ."

"ದಿನಾ ಕೇಳ್ತೀವಲ್ಲಪ್ಪ ನಾವು. ನೀನೊಬ್ಬ ಕೇಳಿಲ್ಲ ಅಷ್ಟೆ."

ಅಂಜಿನಪ್ಪನನ್ನು ಹಜಾರದ ಮಧ್ಯೆ ನಿಲ್ಲಿಸಿ ಅದೇ ಮಾತು ಕೂಗಿಸಿದರು. ಮೊದಲು ಅವನು ಬೇಕೆಂದೇ ಮೂಗಿನಲ್ಲಿ ಕೂಗಿದ. "ನೆಟ್ಟಗೆ ಕೂಗೋ, ಹರಿಹರದ ಬಸ್ಸು ಬಂದಂಗೆ," ಎಂದು ಹಿಂದಿನಿಂದ ಯಾರೋ ಅಂದರು. ನೆಟ್ಟಗೆ ಕೂಗಿದ. ಟೇಪಿನದನ್ನು ಮತ್ತೆ ಹಾಕಿದೆ. ಎರಡರ ನಡುವೆ ಒಂದು ಸಿಗರೇಟು ಹಾಳೆ ತೂರಿಸುವಷ್ಟೂ ಸಂದಿರಲಿಲ್ಲ. ಇಷ್ಟು ವರ್ಷ ತಾನು ಕಾದು ಕೂತದ್ದು ತನ್ನದೇ ಸಾವಿಗೆ ಎಂದು ಅಂಜಿನಪ್ಪನಿಗೆ ಹೊಳೆದದ್ದು ಅವನ ಮುಖದಲ್ಲಿ ನಿಧಾನವಾಗಿ ಕಾಣಿಸಿತು. ಅವನು ಕೂತುಬಿಟ್ಟ.

ಹಾಲಮ್ಮ ಎದ್ದು ಅವನ ಎದುರಿಗೆ ಬಂದು ನಿಂತಳು. "ಅವತ್ತೊಂದು ದಿನ ಬಾಯಿ ಮುಚ್ಕಂಡಿರಾಕೆ ಏನಾಗಿತ್ತು ನಿಂಗೆ?"

"ಹಾಲಮ್ಮ, ನಂಗೆ ಗೊತ್ತೇ ಇಲ್ಲ ಕಣೆ."

"ಗೊತ್ತಿಲ್ಲ ಅಂತೆ! ನಿನ್ನ ಬಾಯಿ ನಿಂಗೆ ಗೊತ್ತಿಲ್ಲ."

ಷಡಕ್ಷರಪ್ಪನವರು ಗಂಟಲು ಸರಿಮಾಡಿಕೊಂಡರು. "ಅಲ್ಲಮ್ಮ ಹಾಲಮ್ಮ, ಮೊದಲನೇ ಹಾಜರೀಲಿ ಇದು ನಮ್ಮನೆಯವರದ್ದು ಅಂತ ಹೇಳಿದ್ದೇ ನೀನು."

ಹಾಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಎಲ್ಲಾರೂ ಅವರವರ ಗಂಡಸರನ್ನ ಗುರುತು ಹಿಡ್ಕಂಡು ಎದ್ದು ಹೋಗ್ತಿದ್ರು," ಎಂದಳು. "ಸಿಳ್ಳೆ ಹೊಡೆದೋನು ಅವಳೋನು, ನಕ್ಕೋನು ಇವಳೋನು. ಟೇಪು ಮುಗೀತಾ ಬಂತು. ನಾನೊಬ್ಬಳೇ ಕುಂತಿದ್ದೆ. ಉಳಿದಿದ್ದು ಅದೊಂದು ಕೂಗು. ಯಾರೂ ನಮ್ಮದು ಅನ್ನಲಿಲ್ಲ. ನಂದು ಅಂದೆ."

ಊರಲ್ಲೇ ಇದ್ದವನ ದನಿಯನ್ನು ಹುಡುಕುವ ಅಗತ್ಯ ಯಾರಿಗೂ ಇರಲಿಲ್ಲವಾದ್ದರಿಂದ ಅದು ವಾರಸುದಾರರಿಲ್ಲದೆ ಬಿದ್ದಿತ್ತು. ಟೇಪಿನ ಕೊನೆಯಲ್ಲಿ ಎಲ್ಲರೂ ಕೀರಲಾಗಿದ್ದರು, ತಿಪ್ಪೇಶ ಮೊದಲೇ ಕೀರಲು ದನಿಯವನು. ಅವಳು ಸುಳ್ಳು ಹೇಳಿರಲಿಲ್ಲ. ವೇಗ ಸರಿಯಾದ ಮೇಲೆ ದನಿಗಳ ಗುರುತು ತಪ್ಪಿದ್ದು ಬಯಲಾಗಿ, ಅದೇ ದಿನ ಇನ್ನೆರಡು ಮನೆಗಳಲ್ಲಿ ಅಳಿಯಂದಿರು ಅದಲುಬದಲಾದರು. ಅಲ್ಲಿ ಮಾತ್ರ ಹೆಚ್ಚು ಗದ್ದಲವಾಯಿತು.

ನಸ್ರೀನ್ ಮೆಲ್ಲಗೆ, "ತೆಗೀಬೇಕು ಅಂತಾನೇ ಕೂತಿದ್ದೆ ಅಕ್ಕ," ಎಂದಳು. "ವೇಗ ಸರಿ ಮಾಡಿ ಕೇಳಿದ್ರೆ, ನಾನು ಊರಿಗೆ ಬಂದ ದಿನ ಬಸ್ ಸ್ಟ್ಯಾಂಡಲ್ಲಿ ಕೇಳಿದ ದನಿ. ಅದಕ್ಕೇ ಬಿಟ್ಟೆ."

ಈಗ ಸಮಿತಿಗೆ ಹೊಸ ತೊಡಕು. ಆ ಕೂಗು ತಿಪ್ಪೇಶನದಲ್ಲವಾದರೆ ತಿಪ್ಪೇಶ ಎಲ್ಲಿ? ಟೇಪನ್ನು ಮೊದಲಿಂದ ಕೊನೆಯವರೆಗೆ ಮತ್ತೆ ಹಾಕಿದೆ. ಹಾಲಮ್ಮ ಮುಂದೆ ಬಂದು ಕೂತು, ಕಂಪ್ಯೂಟರಿನ ಪೆಟ್ಟಿಗೆಗೆ ಕಿವಿ ಹತ್ತಿರ ಮಾಡಿ ಕೇಳಿದಳು. ಒಂದೆರಡು ಕಡೆ ಕೈ ಎತ್ತಿ ನಿಲ್ಲಿಸಿದಳು, ಆಮೇಲೆ ಅಲ್ಲವೆಂದು ತಲೆಯಾಡಿಸಿದಳು. ಅವನು ಎಲ್ಲೂ ಇರಲಿಲ್ಲ. ಸಮಿತಿ ಎರಡು ಭಾಗವಾಯಿತು. ಅವನು ಯಾವಾಗಲೋ ಸತ್ತಿದ್ದಾನೆ, ಅವನ ದನಿಗೆಂದು ಯಾರೂ ಕಿವಿ ಕೊಟ್ಟಿರದ ಕಾರಣ ಹೋದದ್ದು ಗೊತ್ತಾಗಿಲ್ಲ ಎಂದಿತು ಒಂದು ಭಾಗ. ಅವನು ಆ ಸಂಜೆ ಬಾಯಿಯನ್ನೇ ತೆರೆದಿಲ್ಲ, ಎಲ್ಲೋ ಸುಖವಾಗಿ ಬೀಡಿ ಸೇದುತ್ತಿರಬಹುದು ಎಂದಿತು ಇನ್ನೊಂದು. ಮಂಡಕ್ಕಿ ಮುಗಿಯಿತು.

"ಅವ್ರು ಬಾಯಿ ತೆರೆದಿರಾಕಿಲ್ಲ," ಎಂದಳು ಹಾಲಮ್ಮ. "ಇಲ್ಲಿದ್ದಾಗ ನಂಗೇ ಕೇಳಿಸ್ಲಿಲ್ಲ. ಟೇಪಿಗೆ ಎಲ್ಲಿ ಕೇಳಿಸಬೇಕು."

ಷಡಕ್ಷರಪ್ಪನವರು ಎದ್ದು ನಿಂತು ಒಮ್ಮೆ ಕೆಮ್ಮಿದರು. ಕೊನೆಗೆ, ಟೇಪಿನಲ್ಲಿ ಇದ್ದವರು ಇದ್ದಾರೆ, ಇದ್ದು ಇಲ್ಲವಾದವರು ಇಲ್ಲ, ಮೊದಲಿಂದಲೂ ಇಲ್ಲದವರ ಬಗ್ಗೆ ಸಮಿತಿಗೆ ಏನೂ ತಿಳಿಯದು ಎಂದು ಸಾರಿದರು.

"ತಿಳಿಯದು ಅಂದ್ರೆ?" ಎಂದಳು ಹಾಲಮ್ಮ.

"ತಿಳಿಯದು ಅಂದ್ರೆ ನಾವು ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲಮ್ಮ."

"ಹಂಗಾರೆ ನಿಮ್ಮನ್ನ ಕೇಳೋದೂ ಇಲ್ಲ," ಎಂದಳು ಅವಳು. ಅಂಜಿನಪ್ಪನ ಕಡೆ ತಿರುಗಿ, "ಏಳು. ಮಧ್ಯಾಹ್ನದ ಬಸ್ಸಿಗೆ ಯಾರು ಕೂಗೋರು?" ಎಂದಳು.

ನಸ್ರೀನ್ ಶುದ್ಧ ಮಾಡಿದ್ದನ್ನೇ ಈಗ ಹಾಜರಿಗೆ ಹಾಕುತ್ತೇವೆ. ಬಕ್ಕೇಶ ಗಿರಣಿಯಲ್ಲಿ ವೇಗದ ಮಾತು ಬಿಟ್ಟು, ತನ್ನ ಡ್ರಮ್ಮಿನ ಪೆಟ್ಟಿನ ತೂಕದ ಮಾತಾಡುತ್ತಾನೆ. ಹಾಲಮ್ಮನೂ ಅಂಜಿನಪ್ಪನೂ ಹದಿನೈದು ದಿನ ಬಿಟ್ಟು ಖಾನಾವಳಿಯಲ್ಲೇ ಮದುವೆಯಾದರು.